ಪರದೆ ಹರಿದು ಹೊಲಿದ ಹಸಿರು ಗೌನು: 'ಗಾನ್ ವಿತ್ ದ ವಿಂಡ್' ಬ್ಲೂ-ರೇ ಬಗ್ಗೆ ಒಬ್ಬ ಟೇಲರ್ ಮಾತು

ಹೋದ ಮಾಗಿಯಲ್ಲಿ, ಮದುವೆ ಗೊತ್ತಾದ ಒಬ್ಬ ಹುಡುಗಿ ಅಂಗಡಿಗೆ ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಗಾಢ ಹಸಿರು ಮಖಮಲ್ಲಿನ ಗೌನು. ಸೊಂಟಕ್ಕೆ ಬಂಗಾರದ ಬಣ್ಣದ ದಪ್ಪ ಹಗ್ಗ, ಹಗ್ಗದ ತುದಿಗೆ ಗೊಂಡೆ. ತಲೆಗೆ ಗರಿ ಸಿಕ್ಕಿಸಿದ ಟೋಪಿ. "ಟೋಪಿ ಬ್ಯಾಡ್ರಿ ಅಕ್ಕಾರ, ಗೌನ್ ಅಷ್ಟ ಹಿಂಗ ಆಗಬೇಕು, ರಿಸೆಪ್ಷನ್ನಿಗೆ" ಅಂದಳು. ಯಾವ ಸಿನಿಮಾದ್ದು ಅಂತ ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ನನ್ನ ಮಗಳು ನೋಡಿದ ಕೂಡಲೇ ಹೇಳಿದಳು. 'ಗಾನ್ ವಿತ್ ದ ವಿಂಡ್', 1939ರ ಹಾಲಿವುಡ್ ಸಿನಿಮಾ. ಕಥೆಯಲ್ಲಿ ಆ ಗೌನನ್ನು ಮನೆಯ ಪರದೆಯಿಂದ ಹೊಲಿಯುತ್ತಾರಂತೆ.

ಪರದೆಯಿಂದ ಅಂದ ಮೇಲೆ ನನಗೆ ನೋಡದೆ ಇರೋಕೆ ಆಗಲಿಲ್ಲ. ಹುಬ್ಬಳ್ಳಿಯಲ್ಲಿ 26 ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಫೋಟೋ ನೋಡಿ ಹೊಲಿಯೋದು ನನಗೆ ಸೇರುವುದಿಲ್ಲ. ನಡೆದಾಗ ಬಟ್ಟೆ ಹೇಗೆ ಬೀಳುತ್ತದೆ, ಕೂತಾಗ ಎಲ್ಲಿ ಸುಕ್ಕು ಬರುತ್ತದೆ ಅಂತ ಕಣ್ಣಾರೆ ಕಾಣಬೇಕು. ಹಾಗಾಗಿ ಬ್ಲೂ-ರೇ ಡಿಸ್ಕನ್ನೇ ಆನ್‌ಲೈನಿನಲ್ಲಿ ತರಿಸಿದೆ. ಪ್ಲೇಯರು ತಮ್ಮನ ಮನೆಯದು. ಮೊದಲು ಬಂದ ಡಿಸ್ಕಿನ ಪೆಟ್ಟಿಗೆ ಒಡೆದಿತ್ತು, ಡಿಸ್ಕಿನ ಮೇಲೆ ಗೀರು ಬಿದ್ದಿತ್ತು. ಅದನ್ನು ವಾಪಸ್ ಕಳಿಸಿ ಇನ್ನೊಂದು ಬರೋಕೆ ಹದಿನೆಂಟು ದಿನ ಹಿಡಿಯಿತು. ತರಿಸೋರು ಪೆಟ್ಟಿಗೆ ತೆರೆಯುವಾಗಲೇ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ.

ಅಲ್ಲಿಂದ ಈಚೆಗೆ ಇದನ್ನು ಮೂರು ಸಲ ನೋಡಿದ್ದೇನೆ. ಮೊದಲ ಸಲ ಗೌನಿಗಾಗಿ. ಎರಡನೇ ಸಲ ಕಥೆಗಾಗಿ. ಮೂರನೇ ಸಲ ಬರೀ ಕೈಗಳನ್ನು ನೋಡಿದೆ. ಬರೆಯಬೇಕು ಅನ್ನಿಸಿದ್ದು ಆ ಮೂರನೇ ಸಲ.

ಮೊದಲು ಡಿಸ್ಕಿನ ವಿಷಯ ಹೇಳಿಬಿಡುತ್ತೇನೆ. ಶುರುವಿನ ಸಂಗೀತ, ನಡುವಿನ ವಿರಾಮ, ಕೊನೆಯ ಸಂಗೀತ ಎಲ್ಲ ಸೇರಿ ಸಿನಿಮಾ 238 ನಿಮಿಷ. ಅಂದರೆ ನಾಲ್ಕು ಗಂಟೆಗೆ ಎರಡೇ ನಿಮಿಷ ಕಡಿಮೆ. ನಾನು ವಿರಾಮದ ತನಕ ಒಂದು ರಾತ್ರಿ, ಉಳಿದದ್ದು ಮರುದಿನ ರಾತ್ರಿ ನೋಡಿದೆ. ಟಿವಿಯ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಡಿಸ್ಕು ಕೆಟ್ಟಿದೆ ಅಂದುಕೊಳ್ಳಬೇಡಿ, ಆ ಕಾಲದ ಚಿತ್ರದ ಅಗಲವೇ ಅಷ್ಟು. 1967ರಲ್ಲಿ ಇದನ್ನು 70 ಎಂ.ಎಂ. ಅಗಲ ತೆರೆಗೆ ಹಿಗ್ಗಿಸಿ ಬಿಡುಗಡೆ ಮಾಡಿದಾಗ ಮೇಲೂ ಕೆಳಗೂ ಕತ್ತರಿ ಹಾಕಿದ್ದರು. ಗೌನಿನ ಅಂಚೇ ಹೋದರೆ ಇನ್ನೇನು ನೋಡೋದು? ಈ ಡಿಸ್ಕಿನಲ್ಲಿ ಚಿತ್ರ ಪೂರ್ತಿ ಇದೆ. ದಯವಿಟ್ಟು ರಿಮೋಟಿನಲ್ಲಿ ಜೂಮ್ ಮಾಡಬೇಡಿ.

ಬಣ್ಣದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಆಗಿನ ಟೆಕ್ನಿಕಲರ್ ಕ್ಯಾಮೆರಾದಲ್ಲಿ ಮೂರು ಕಪ್ಪು-ಬಿಳುಪು ರೀಲು ಒಟ್ಟಿಗೆ ಓಡುತ್ತಿದ್ದವು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಆಮೇಲೆ ಮೂರನ್ನೂ ಒಂದರ ಮೇಲೊಂದು ಅಚ್ಚು ಹಾಕಿ ಬಣ್ಣ ತರುತ್ತಿದ್ದರು. ವರ್ಷ ಕಳೆದ ಹಾಗೆ ಮೂರು ರೀಲೂ ಮೂರು ತರ ಕುಗ್ಗುತ್ತವೆ, ಅಂಚಿಗೆ ಅಂಚು ಕೂಡುವುದಿಲ್ಲ. ಒಂದೇ ತೊಳೆತಕ್ಕೆ ಅಸ್ತರ ಕುಗ್ಗಿ ಮೇಲಿನ ಬಟ್ಟೆ ಹಾಗೇ ಉಳಿದರೆ ಬ್ಲೌಸು ಮುದುಡಿಕೊಳ್ಳುತ್ತದಲ್ಲ, ಹಾಗೆ. ಈಗ ಕಂಪ್ಯೂಟರಿನಲ್ಲಿ ಮೂರನ್ನೂ ಬಿಡಿಸಿ, ಸರಿ ಮಾಡಿ, ಮತ್ತೆ ಕೂಡಿಸಿದ್ದಾರೆ. ಅದಕ್ಕೇ ಮಖಮಲ್ಲಿನ ರೋಮ ಯಾವ ಕಡೆ ಮಲಗಿದೆ ಅಂತ ನನಗೆ ನಮ್ಮ ಮನೆ ಟಿವಿಯಲ್ಲೇ ಕಂಡಿತು. ಸಂಜೆಯ ಕೆಂಪು ಆಕಾಶ, ಮೆಟ್ಟಿಲಿನ ಕೆಂಪು ಹಾಸು, ಉರಿಯುವ ಅಟ್ಲಾಂಟಾ, ಯಾವುದೂ 85 ವರ್ಷ ಹಳೆಯದು ಅನ್ನಿಸುವುದಿಲ್ಲ.

ಇಂಗ್ಲಿಷ್ ಸಬ್‌ಟೈಟಲ್ ಇದೆ, ಕನ್ನಡ ಇಲ್ಲ. ಅಮೆರಿಕದ ದಕ್ಷಿಣದವರ ಮಾತಿನ ಧಾಟಿ ಬೇರೆ ತರ ಇರೋದರಿಂದ ಸಬ್‌ಟೈಟಲ್ ಹಾಕಿಕೊಳ್ಳೋದೇ ಒಳ್ಳೆಯದು. ಜೊತೆಗೆ ಸಿನಿಮಾ ತಯಾರಾದ ಬಗೆಯ ಬಗ್ಗೆ 1988ರಲ್ಲಿ ಮಾಡಿದ ಎರಡು ಗಂಟೆಯ ಸಾಕ್ಷ್ಯಚಿತ್ರ ಇದೆ. ಅದೊಂದಕ್ಕೇ ಕೊಟ್ಟ ದುಡ್ಡು ವಸೂಲು. ನಾಯಕಿಯ ಪಾತ್ರಕ್ಕೆ ಪರೀಕ್ಷೆ ಕೊಟ್ಟ ನಟಿಯರ ತುಣುಕುಗಳು ಅದರಲ್ಲಿವೆ. ನಾಯಕಿ ಇನ್ನೂ ಪಕ್ಕಾ ಆಗಿರದಿದ್ದಾಗಲೇ, 1938ರ ಡಿಸೆಂಬರಿನ ಒಂದು ರಾತ್ರಿ, ಹಳೇ ಸೆಟ್ಟುಗಳಿಗೆ ಬೆಂಕಿ ಹಚ್ಚಿ ಅಟ್ಲಾಂಟಾ ಉರಿಯುವ ದೃಶ್ಯ ತೆಗೆದರು. ಕೊನೆಗೆ ನಾಯಕಿಯಾದ ವಿವಿಯನ್ ಲೀ ನಿರ್ಮಾಪಕ ಡೇವಿಡ್ ಸೆಲ್ಝ್ನಿಕ್‌ಗೆ ಎದುರಾದದ್ದು ಆ ರಾತ್ರಿಯೇ ಅಂತ ಹೇಳುತ್ತಾರೆ.

ಈ ವಿವಿಯನ್ ಲೀ ಹುಟ್ಟಿದ್ದು 1913ರಲ್ಲಿ, ಡಾರ್ಜಿಲಿಂಗ್‌ನಲ್ಲಿ. ಅಪ್ಪ ಅಶ್ವದಳದ ಅಧಿಕಾರಿಯಾಗಿ 1917ರಲ್ಲಿ ಬೆಂಗಳೂರಿಗೆ ಬಂದಾಗ ತಾಯಿ ಮಗಳು ಊಟಿಯಲ್ಲಿದ್ದರು. ಸಣ್ಣ ಮಗುವಾಗಿದ್ದಾಗ ಆ ಮನೆಗಳಲ್ಲಿ ಅವಳಿಗೆ ಜಡೆ ಹೆಣೆದು, ಗುಂಡಿ ಹಾಕಿ, ಎತ್ತಿ ಆಡಿಸಿದ ಕೈ ಯಾರದಿತ್ತೋ. ಆ ಯೋಚನೆ ನನ್ನನ್ನು ಬಿಡಲಿಲ್ಲ.

ಕಥೆ ಎಷ್ಟೋ ಜನಕ್ಕೆ ಗೊತ್ತಿರುತ್ತದೆ, ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಜಾರ್ಜಿಯಾದಲ್ಲಿ ಟಾರಾ ಅನ್ನೋ ಹತ್ತಿ ಎಸ್ಟೇಟು. ಅದರ ಯಜಮಾನನ ಹಿರೀ ಮಗಳು ಸ್ಕಾರ್ಲೆಟ್. ಅವಳಿಗೆ ಆಶ್ಲಿ ಮೇಲೆ ಮನಸ್ಸು, ಅವನಿಗೆ ಮೆಲನಿ ಜೊತೆ ಮದುವೆ. ಮಧ್ಯೆ ರೆಟ್ ಬಟ್ಲರ್ ಬರುತ್ತಾನೆ. ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ಅಂತರ್ಯುದ್ಧ ಆಗುತ್ತದೆ, ಮನೆ ಹಾಳಾಗುತ್ತದೆ. ಹಸಿದು ಹೊಲದಲ್ಲಿ ಮೂಲಂಗಿ ಕಿತ್ತು ತಿಂದು, ಇನ್ನು ಯಾವತ್ತೂ ಹಸಿವಿನಿಂದ ಇರೋದಿಲ್ಲ ಅಂತ ಆಕಾಶ ನೋಡಿ ಆಣೆ ಮಾಡುತ್ತಾಳೆ. ಆ ದೃಶ್ಯದಲ್ಲಿ ನಾನು ಅತ್ತೆ. ಮನೆಯವರು ತೀರಿಕೊಂಡ ವರ್ಷ ಅಂಗಡಿ ಬಾಡಿಗೆ ಕಟ್ಟೋಕೆ ಬಳೆ ಅಡವಿಟ್ಟವಳು ನಾನು. ಒಬ್ಬ ಹೆಣ್ಣುಮಗಳು ಲೆಕ್ಕದ ಪುಸ್ತಕ ಹಿಡಿದು, ಮರದ ಮಿಲ್ಲು ನಡೆಸಿ, ಊರವರ ಮಾತಿಗೆ ಸೊಪ್ಪು ಹಾಕದೆ ನಿಲ್ಲೋದನ್ನು 1939ರಲ್ಲೇ ಇಷ್ಟು ಗಟ್ಟಿಯಾಗಿ ತೋರಿಸಿದ್ದಾರಲ್ಲ ಅಂತ ಮನಸ್ಸು ತುಂಬಿ ಬಂತು. ವಿವಿಯನ್ ಲೀ ಒಂದು ಹುಬ್ಬು ಎತ್ತಿದರೆ ಸಾಕು, ಮುಂದಿನ ಮಾತು ಬೇಕಾಗುವುದಿಲ್ಲ.

ಇನ್ನು ಕೈಗಳ ವಿಷಯ.

ಶುರುವಿನಲ್ಲೇ ಒಂದು ದೃಶ್ಯ ಇದೆ. ಸ್ಕಾರ್ಲೆಟ್ ಮಂಚದ ಕಂಬ ಹಿಡಿದು ನಿಂತಿದ್ದಾಳೆ. ಹಿಂದಿನಿಂದ ಮಮ್ಮಿ ಅವಳ ಕಾರ್ಸೆಟ್ಟಿನ, ಅಂದರೆ ಸೊಂಟ ಸಣ್ಣ ಕಾಣಿಸುವ ಬಿಗಿ ಒಳಬಟ್ಟೆಯ, ದಾರ ಎಳೆದು ಬಿಗಿಯುತ್ತಾಳೆ. ಮಮ್ಮಿ ಅಂದರೆ ಆ ಮನೆಯ ಗುಲಾಮ ಹೆಂಗಸು, ಹುಟ್ಟಿದಾಗಿನಿಂದ ಸ್ಕಾರ್ಲೆಟ್‌ಳನ್ನು ಸಾಕಿದವಳು. ಪಾತ್ರ ಮಾಡಿದವರು ಹ್ಯಾಟಿ ಮೆಕ್‌ಡೇನಿಯಲ್. ಆ ಎಳೆತ ನೋಡಿ. ದಾರವನ್ನು ಬೆರಳಿಗೆ ಸುತ್ತಿ, ಮೈ ಹಿಂದಕ್ಕೆ ಬಿಟ್ಟು, ಮಾತಾಡುತ್ತಲೇ ಎಳೆಯುತ್ತಾರೆ. ದಿನಾ ಮಾಡಿ ರೂಢಿಯಾದ ಕೈಯೇ ಹಾಗೆ ಕೆಲಸ ಮಾಡೋದು. ಔತಣಕ್ಕೆ ಹೋಗಿ ಗಂಡಸರ ಎದುರು ಜಾಸ್ತಿ ತಿನ್ನಬಾರದು ಅಂತ ಮೊದಲೇ ಗದರಿಸಿ ತಿನ್ನಿಸುವವಳೂ ಅವಳೇ. ಎಷ್ಟೋ ಹೊತ್ತಿನ ಮೇಲೆ, ಸ್ಕಾರ್ಲೆಟ್‌ಗೆ ಮಗು ಆದ ನಂತರ, ಅದೇ ಮಮ್ಮಿ ಟೇಪು ಹಿಡಿದು ಸೊಂಟ ಅಳೆದು 20 ಇಂಚು ಅನ್ನುತ್ತಾಳೆ. ಇನ್ನು ಯಾವತ್ತೂ ಹದಿನೆಂಟೂವರೆ ಆಗೋದಿಲ್ಲ ಅಂತಾಳೆ. ಇದೇ ಮಾತನ್ನು ನಾನು ಎಷ್ಟು ಬಾಣಂತಿಯರಿಗೆ ಹೇಳಿದ್ದೇನೋ ಲೆಕ್ಕ ಇಲ್ಲ. ನಾನು ಹೇಳಿ ಹೊಲಿಗೆ ಕೂಲಿ ತೆಗೆದುಕೊಳ್ಳುತ್ತೇನೆ. ಸ್ಕಾರ್ಲೆಟ್‌ಳ ಎಳೇ ವಯಸ್ಸಿನ ಅಷ್ಟೂ ವರ್ಷ ದಾರ ಎಳೆದದ್ದಕ್ಕೆ ಮಮ್ಮಿಗೆ ಕೂಲಿ ಇರಲಿಲ್ಲ.

ಔತಣದ ಮನೆಯಲ್ಲಿ ಮಧ್ಯಾಹ್ನ. ಹುಡುಗಿಯರೆಲ್ಲ ಗೌನು ಬಿಚ್ಚಿಟ್ಟು ಒಳಬಟ್ಟೆಯಲ್ಲಿ ಸಾಲಾಗಿ ಮಲಗಿದ್ದಾರೆ. ಅವರ ಪಕ್ಕದಲ್ಲಿ ಪುಟ್ಟ ಪುಟ್ಟ ಕಪ್ಪು ಹುಡುಗಿಯರು ನವಿಲುಗರಿಯ ಬೀಸಣಿಗೆ ಬೀಸುತ್ತಾ ನಿಂತಿದ್ದಾರೆ. ಕ್ಯಾಮೆರಾ ಅವರ ಹತ್ತಿರ ನಿಲ್ಲುವುದಿಲ್ಲ, ಎದ್ದು ಹೊರಟ ಸ್ಕಾರ್ಲೆಟ್ ಹಿಂದೆ ಹೋಗುತ್ತದೆ. ಮೂರನೇ ಸಲ ನಾನು ಅಲ್ಲಿ ಪಾಜ್ ಒತ್ತಿ ನಿಲ್ಲಿಸಿದೆ. ಆ ಮಕ್ಕಳಿಗೂ ನಿದ್ದೆ ಬರುವ ಹೊತ್ತು ಅದು, ಅಲ್ವಾ? ಚಿತ್ರಕ್ಕೆ ಅದು ಕಂಡಿಲ್ಲ. ಮೊದಲ ಎರಡು ಸಲ ನನಗೂ ಕಂಡಿರಲಿಲ್ಲ. ನಾನು ಒಳಬಟ್ಟೆಯ ಲೇಸು ನೋಡುತ್ತಿದ್ದೆ.

ಹತ್ತಿ ಹೊಲವೂ ಹಾಗೇ. ಟಾರಾದಲ್ಲಿ ಹೊಲದ ಆಳುಗಳು ಬಾಯಿ ತೆರೆಯುವುದು ಕೆಲಸ ಬಿಡುವ ಹೊತ್ತಿಗೆ. ಹೊತ್ತಾಯಿತು ಅಂತ ಕೂಗುವ ಹಕ್ಕು ಯಾರದು ಅಂತ ಇಬ್ಬರು ಮಾತಾಡುತ್ತಾರೆ, ಅಷ್ಟೇ. 1860ರ ಜನಗಣತಿ ಪ್ರಕಾರ ಅಮೆರಿಕದಲ್ಲಿ ಗುಲಾಮರಾಗಿದ್ದವರು ಹತ್ತಿರ ಹತ್ತಿರ 40 ಲಕ್ಷ. ಅವರ ದುಡಿಮೆಯಿಂದ ಆ ಬಿಳೀ ಕಂಬದ ಮನೆಗಳು ನಿಂತದ್ದು. ಸಿನಿಮಾ ಶುರುವಾಗುವ ಬರಹದಲ್ಲಿ ಆ ನಾಡನ್ನು ವೀರರು, ಸುಂದರಿಯರು, ಒಡೆಯರು, ಗುಲಾಮರು ಇದ್ದ ಒಂದು ಸವಿ ಕನಸು ಅನ್ನೋ ಹಾಗೆ ಬರೆದಿದ್ದಾರೆ. ಯಾರ ಕನಸು ಅಂತ ಕೇಳಬೇಕು.

ಹತ್ತಿ ಅಂದರೆ ನಮ್ಮ ಕಡೆಯವರಿಗೆ ಬೇರೆಯವರ ಕಥೆ ಅಲ್ಲ. 1840ರ ದಶಕದಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಧಾರವಾಡ ಸೀಮೆಯ ಎರೆ ಹೊಲಕ್ಕೆ ಬಂದಿತ್ತು. ಇಲ್ಲಿ ಬೆಳೆದ ಆ ಹತ್ತಿಗೆ 'ಧಾರವಾಡ ಅಮೆರಿಕನ್' ಅಂತಲೇ ಹೆಸರು ಬಿತ್ತು. 1861ರಲ್ಲಿ ಯುದ್ಧ ಶುರುವಾಗಿ, ಉತ್ತರದವರ ನೌಕಾಪಡೆ ದಕ್ಷಿಣದ ಬಂದರು ಮುಚ್ಚಿದಾಗ ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಹೋಗುವುದು ನಿಂತಿತು. ಇಲ್ಲಿಯ ಹತ್ತಿಗೆ ಬೆಲೆ ಏರಿತು. ಧಾರವಾಡದ ಹತ್ತಿ ಸಾಗಿಸೋಕೆ ಅಂತ ಕಾರವಾರ ಬಂದರಿನ ಕಡೆ ಇಂಗ್ಲಿಷರು ಕಣ್ಣು ಹಾಕಿದ್ದೂ ಆ ವರ್ಷಗಳಲ್ಲೇ. ಯುದ್ಧ ಮುಗಿದ ಮೇಲೆ ಬೆಲೆ ಇಳಿದು ಎಷ್ಟೋ ಜನ ಮುಳುಗಿದರು. ರೆಟ್ ಬಟ್ಲರ್ ಬಂದರಿನ ದಿಗ್ಬಂಧನ ಮುರಿದು ದುಡ್ಡು ಮಾಡಿದವನು ಅಂತ ಸಿನಿಮಾದಲ್ಲಿ ಹೇಳುವಾಗ ನನಗೆ ಎಪಿಎಂಸಿ ದಾರಿಯಲ್ಲಿ ಅರಳೆ ತುಂಬಿ ನಿಂತ ಗಾಡಿಗಳು ಕಣ್ಣ ಮುಂದೆ ಬಂದವು.

ಈಗ ಗೌನಿಗೆ ಬರುತ್ತೇನೆ. ಯುದ್ಧ ಮುಗಿದಿದೆ. ಟಾರಾಕ್ಕೆ 300 ಡಾಲರ್ ತೆರಿಗೆ ಕಟ್ಟಬೇಕು, ಕೈಯಲ್ಲಿ ಏನೂ ಇಲ್ಲ. ರೆಟ್ ಹತ್ತಿರ ಕೇಳಬೇಕು, ಕೇಳೋಕೆ ಹೋಗುವಾಗ ಬಡವಿ ಹಾಗೆ ಕಾಣಬಾರದು. ಸ್ಕಾರ್ಲೆಟ್ ಕಣ್ಣು ತೀರಿಹೋದ ಅವ್ವನ ಮಖಮಲ್ ಪರದೆಯ ಮೇಲೆ ಬೀಳುತ್ತದೆ. ಅಟ್ಟದಿಂದ ಪ್ಯಾಟರ್ನ್ ಡಬ್ಬಿ ತಾ ಅಂತ ಮಮ್ಮಿಗೆ ಹೇಳುತ್ತಾಳೆ. ಮಮ್ಮಿ ಅಡ್ಡ ನಿಲ್ಲುತ್ತಾಳೆ. ಸ್ಕಾರ್ಲೆಟ್ ಪರದೆ ಎಳೆದು ಕೆಡವುತ್ತಾಳೆ. ಮುಂದೆ ಅವಳು ಕಾಣಿಸಿಕೊಳ್ಳುವುದು ಅಟ್ಲಾಂಟಾದಲ್ಲಿ, ಗೌನು ತೊಟ್ಟು.

ನನ್ನ ಜೊತೆ ಹೊಲಿಯುವ ಹುಡುಗಿ ಕೂತು ನೋಡುತ್ತಿದ್ದಳು. "ಅಕ್ಕಾರ, ಹೊಲಿಯೋದು ತೋರಸಲೇ ಇಲ್ಲಲ್ರಿ?" ಅಂದಳು.

ನಿಜ. ಇಡೀ ಸಿನಿಮಾದಲ್ಲಿ ಎಲ್ಲರೂ ನೆನಪಿಡುವ ಬಟ್ಟೆ ಅದು. ಅದಕ್ಕೆ ಸೂಜಿ ಹಾಕಿದ್ದನ್ನು ತೋರಿಸಿಲ್ಲ. ನಾವಿಬ್ಬರೂ ಲೆಕ್ಕ ಹಾಕಿದೆವು. ಘೇರು ಅಷ್ಟು ದೊಡ್ಡದು, ಮೇಲೆ ಹೊದೆಯೋ ತುಂಡು ಬೇರೆ. ಹತ್ತು ಮೀಟರಿಗೆ ಕಡಿಮೆ ಅರಿವೆ ಸಾಲದು. ಮಖಮಲ್ಲನ್ನು ಎಲ್ಲ ತುಂಡೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಬೇಕು, ಇಲ್ಲದಿದ್ದರೆ ಒಂದು ತುಂಡು ಕಪ್ಪಾಗಿ ಇನ್ನೊಂದು ತಿಳಿಯಾಗಿ ಕಾಣುತ್ತದೆ. ಮೇಲಿನಿಂದ ಇಸ್ತ್ರಿ ಹಾಕುವ ಹಾಗಿಲ್ಲ, ರೋಮ ಸತ್ತುಹೋಗುತ್ತದೆ. ಟಾಕು ಹಾಕುವಾಗ ಬಟ್ಟೆ ಜಾರುತ್ತದೆ. ಕೈಹೊಲಿಗೆಯಾದರೆ ಮೂರ್ನಾಲ್ಕು ಜನ ಹಗಲು ರಾತ್ರಿ ಕೂತರೂ ಬೆರಳ ತುದಿ ಉರಿಯುತ್ತದೆ. ಸ್ಕರ್ಟಿನ ಮೇಲೆ ಅಲ್ಲಲ್ಲಿ ಹಸಿರು ತಿಳಿಯಾದ ಉದ್ದ ಪಟ್ಟೆಗಳನ್ನು ನೋಡಿ. ಬಿಸಿಲಿಗೆ ನೇತಾಡಿದ ಪರದೆಯ ಬಣ್ಣ ಹೋಗೋದು ಹಾಗೇ, ಮಡಿಕೆಯ ಒಳಗೆ ಗಾಢ, ಹೊರಗೆ ತಿಳಿ. ವಸ್ತ್ರವಿನ್ಯಾಸ ಮಾಡಿದ ವಾಲ್ಟರ್ ಪ್ಲಂಕೆಟ್‌ಗೆ ನಾನು ಕೈ ಮುಗಿಯುತ್ತೇನೆ. ಪರದೆಯ ಹಗ್ಗವನ್ನೇ ಸೊಂಟಪಟ್ಟಿ ಮಾಡಿದ್ದು ನಿಜವಾದ ಟೇಲರ್ ಬುದ್ಧಿ.

ಆ ಗೌನಿನಲ್ಲಿ ಸ್ಕಾರ್ಲೆಟ್ ಜೈಲಿನಲ್ಲಿರುವ ರೆಟ್‌ನನ್ನು ನೋಡಲು ಹೋಗುತ್ತಾಳೆ. ಎಲ್ಲ ಚೆನ್ನಾಗಿದೆ ಅಂತ ನಗುನಗುತ್ತಾ ಸುಳ್ಳು ಹೇಳುತ್ತಾಳೆ. ಅವನೂ ನಂಬುತ್ತಾನೆ. ಮುತ್ತಿಡಲು ಅವಳ ಕೈ ಹಿಡಿಯುತ್ತಾನೆ. ಅಂಗೈ ತಿರುಗಿಸುತ್ತಾನೆ. ಒರಟು ಚರ್ಮ, ಹತ್ತಿ ಬಿಡಿಸಿ ಆದ ಗಾಯ. ಇವು ಮನೆತನಸ್ಥ ಹೆಣ್ಣಿನ ಕೈಯಲ್ಲ, ಹೊಲದ ಆಳಿನ ಹಾಗೆ ದುಡಿದಿದ್ದೀಯ ಅಂತಾನೆ. ಸುಳ್ಳು ಅಲ್ಲಿಗೆ ಮುಗಿಯಿತು. ತುಂಬಾ ಚೆನ್ನಾಗಿ ತೆಗೆದ ದೃಶ್ಯ. ಮೊದಲ ಸಲ ನೋಡಿದಾಗ ಉಸಿರು ಹಿಡಿದು ನೋಡಿದೆ.

ಮೂರನೇ ಸಲ ನನಗೆ ಸಿಟ್ಟು ಬಂತು. ಸ್ಕಾರ್ಲೆಟ್‌ಳ ಒಂದು ಜೊತೆ ಬಿಳೀ ಅಂಗೈ ಒರಟಾದದ್ದಕ್ಕೆ ಸಿನಿಮಾ ಇಷ್ಟು ಮರುಗುತ್ತದೆ. ಸಂಗೀತ ಕೂಡ ಮರುಗುತ್ತದೆ. ಅದೇ ಹತ್ತಿಯನ್ನು ಹುಟ್ಟಿನಿಂದ ಸಾಯುವ ತನಕ ಬಿಡಿಸಿದವರ ಅಂಗೈಯನ್ನು ನಾಲ್ಕು ಗಂಟೆಯಲ್ಲಿ ಒಂದು ಸಲವೂ ಯಾರೂ ತಿರುಗಿಸಿ ನೋಡಲಿಲ್ಲ. ಈ ಸಿನಿಮಾದ ಬಗ್ಗೆ ನನಗಿರುವ ದೊಡ್ಡ ದೂರು ಇದೇ. ಬಾವುಟ, ಯುದ್ಧ, ಸಂಭಾಷಣೆ ಬಗ್ಗೆ ಬೇರೆಯವರು ಬರೆದಿದ್ದಾರೆ. ನನಗೆ ಕಂಡಿದ್ದು ಅಂಗೈ.

ಆ ಕಾಲದ ನಿಜವಾದ ಹೊಲಿಗೆಯವಳೊಬ್ಬಳ ಬಗ್ಗೆ ಮಗಳು ಓದಿ ಹೇಳಿದಳು. ಎಲಿಜಬೆತ್ ಕೆಕ್ಲಿ ಅಂತ ಹೆಸರು. ವರ್ಜೀನಿಯಾದಲ್ಲಿ ಗುಲಾಮಳಾಗಿ ಹುಟ್ಟಿದವಳು. ಒಡೆಯನ ಮನೆಯ 17 ಜನರ ಬಾಯಿಗೆ ಎರಡು ವರ್ಷ ಐದು ತಿಂಗಳು ತನ್ನ ಸೂಜಿಯಿಂದಲೇ ರೊಟ್ಟಿ ಹಾಕಿದೆ ಅಂತ 1868ರಲ್ಲಿ ತನ್ನ ಜೀವನದ ಬಗ್ಗೆ ಬರೆಯುತ್ತಾ ಹೇಳಿದ್ದಾಳೆ. 1855ರಲ್ಲಿ 1,200 ಡಾಲರ್ ಕೊಟ್ಟು ತನ್ನನ್ನೂ ಮಗನನ್ನೂ ಬಿಡಿಸಿಕೊಂಡಳು. ಆಮೇಲೆ ಅಧ್ಯಕ್ಷ ಲಿಂಕನ್ ಹೆಂಡತಿಗೆ ಗೌನು ಹೊಲಿದಳು. ಅಂಥ ಒಬ್ಬಳ ಕಥೆಗೆ ಇಷ್ಟು ಬಣ್ಣ, ಇಷ್ಟು ಸಂಗೀತ, ಇಷ್ಟು ದುಡ್ಡು ಹಾಕಿದ್ದರೆ ಹೇಗಿರುತ್ತಿತ್ತು ಅಂತ ಅಂದಿನಿಂದ ಮನಸ್ಸು ಕೇಳುತ್ತಲೇ ಇದೆ.

ಇಷ್ಟಾದರೂ ಹ್ಯಾಟಿ ಮೆಕ್‌ಡೇನಿಯಲ್ ಸಲುವಾಗಿ ನೀವು ಇದನ್ನು ನೋಡಬೇಕು. ಅವರ ಅಪ್ಪ ಅವ್ವ ಇಬ್ಬರೂ ಗುಲಾಮರಾಗಿದ್ದವರು. ಅಪ್ಪ ಉತ್ತರದ ಸೈನ್ಯದಲ್ಲಿ ಹೋರಾಡಿದವರು. ಮಗಳಿಗೆ ಸಿಕ್ಕಿದ್ದು ಗುಲಾಮ ಹೆಂಗಸಿನ ಪಾತ್ರ, ಅದಕ್ಕೊಂದು ಸ್ವಂತ ಹೆಸರೂ ಇಲ್ಲ. ಬರೀ ಮಮ್ಮಿ. ಆದರೂ ಅವರು ಮಾಡಿದ್ದು ನೋಡಿ. ರೆಟ್ ತಂದುಕೊಟ್ಟ ಕೆಂಪು ರೇಷ್ಮೆ ಲಂಗವನ್ನು ಮೊದಲು ಉಡುವುದಿಲ್ಲ. ಕೊನೆಗೊಂದು ದಿನ ಉಟ್ಟು, ಸರಸರ ಸದ್ದು ಮಾಡುತ್ತಾ ನಡೆದು, ಅಂಚನ್ನು ಒಂದಿಷ್ಟೇ ಎತ್ತಿ ತೋರಿಸುತ್ತಾರೆ. ಆ ನಾಚಿಕೆ, ಆ ಹೆಮ್ಮೆ! ಕೊನೆಯ ಭಾಗದಲ್ಲಿ ಮಗು ಸತ್ತ ಮನೆಯೊಳಗೆ ಮೆಲನಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತುತ್ತಾ, ಅಳುತ್ತಾ, ನಡೆದದ್ದನ್ನೆಲ್ಲ ಹೇಳುತ್ತಾರೆ. ಮೆಟ್ಟಿಲು ಮುಗಿಯುವ ತನಕ ಕ್ಯಾಮೆರಾ ಅವರ ಮೇಲೇ ಇರುತ್ತದೆ. ಬರೆದುಕೊಟ್ಟ ಪಾತ್ರ ಸಣ್ಣದು, ಅವರು ಅದರೊಳಗೆ ಹಿಡಿಸಲಾರದಷ್ಟು ದೊಡ್ಡವರು.

1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ ಆಯಿತು. ಜಾರ್ಜಿಯಾದಲ್ಲಿ ಕಪ್ಪು ಜನರನ್ನು ಬೇರೆ ಇಡುವ ಕಾನೂನಿತ್ತು. ಹ್ಯಾಟಿ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಅದರ ಸಂಭ್ರಮದ ಸಲುವಾಗಿ ನಡೆದ ನೃತ್ಯಕೂಟದಲ್ಲಿ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚಿನ ಗಾಯಕರು ಗುಲಾಮರ ವೇಷ ಹಾಕಿ ಹಾಡಿದರು. ಅವರಲ್ಲಿ ಹತ್ತು ವರ್ಷದ ಹುಡುಗನೊಬ್ಬನಿದ್ದ, ಮಾರ್ಟಿನ್ ಲೂಥರ್ ಕಿಂಗ್. ಮುಂದಿನ ವರ್ಷ ಫೆಬ್ರವರಿ 29ರಂದು ಲಾಸ್ ಏಂಜಲಿಸ್‌ನ ಅಂಬಾಸಿಡರ್ ಹೋಟೆಲಿನಲ್ಲಿ ಹ್ಯಾಟಿಗೆ ಆಸ್ಕರ್ ಬಂತು. ಕಪ್ಪು ಜನರಲ್ಲಿ ಆಸ್ಕರ್ ಪಡೆದ ಮೊದಲಿಗರು ಅವರು. ಆ ರಾತ್ರಿ ಅವರು ಕೂತದ್ದು ಚಿತ್ರತಂಡದ ಜೊತೆ ಅಲ್ಲ, ಗೋಡೆ ಪಕ್ಕದ ಬೇರೆ ಟೇಬಲ್ಲಿನಲ್ಲಿ.

ಆ ಟೇಬಲ್ಲಿನ ಬಗ್ಗೆ ಓದಿದಾಗ ನನಗೆ ಅವ್ವ ನೆನಪಾದಳು. ಅವ್ವ ಒಂದು ದೊಡ್ಡ ಮನೆಯಲ್ಲಿ ಹದಿನಾಲ್ಕು ವರ್ಷ ಪಾತ್ರೆ ತೊಳೆದಳು, ಮಕ್ಕಳ ಎತ್ತಿದಳು. "ಆಕಿ ನಮ್ಮ ಮನಿ ಮಗಳಿದ್ದಂಗ" ಅಂತ ಎಲ್ಲರೆದುರು ಹೇಳುತ್ತಿದ್ದರು. ಅವ್ವನ ಚಹಾ ಕಪ್ಪು ಮಾತ್ರ ಹಿತ್ತಲ ಕಿಟಕಿಯ ಕಟ್ಟೆ ಮೇಲೆ ಬೇರೆ ಇರುತ್ತಿತ್ತು. ತುದಿ ಒಡೆದ ನೀಲಿ ಕಪ್ಪು. ಸಿನಿಮಾದಲ್ಲಿ ಮಮ್ಮಿಯನ್ನು ಮನೆಯವಳ ಹಾಗೆ ಪ್ರೀತಿಸುವುದನ್ನು ತೋರಿಸುವಾಗಲೆಲ್ಲ ಆ ಕಪ್ಪು ನನ್ನ ಕಣ್ಣ ಮುಂದೆ ಬಂತು. ಪ್ರೀತಿ ಸುಳ್ಳು ಅನ್ನುವುದಿಲ್ಲ. ಕಪ್ಪು ಬೇರೆ ಇತ್ತು ಅನ್ನುತ್ತೇನೆ.

2010ರಲ್ಲಿ ಇದೇ ಸಿನಿಮಾದ ಗೌನುಗಳನ್ನು ಉಳಿಸೋಕೆ ಅಂತ ಟೆಕ್ಸಸ್‌ನ ಹ್ಯಾರಿ ರ‍್ಯಾನ್ಸಮ್ ಸೆಂಟರ್ ಅನ್ನೋ ಸಂಗ್ರಹಾಲಯ ಜನರ ಹತ್ತಿರ ಕೇಳಿದಾಗ 30,000 ಡಾಲರ್ ಕೂಡಿತು. ಗೌನು ಉಳಿಯಬೇಕು, ನಾನೂ ಒಪ್ಪುತ್ತೇನೆ. ಹ್ಯಾಟಿ ತಮ್ಮ ಆಸ್ಕರ್ ಫಲಕವನ್ನು ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟು ಹೋಗಿದ್ದರು. ಅದು ಎಲ್ಲೋ ಕಳೆದುಹೋಯಿತು. ಅದರ ಬದಲು ಇನ್ನೊಂದನ್ನು ಆಸ್ಕರ್ ಕೊಡುವ ಅಕಾಡೆಮಿ ಕೊಟ್ಟದ್ದು 2023ರಲ್ಲಿ. 1952ರಲ್ಲಿ ಅವರು ತೀರಿಕೊಂಡಾಗ, ಅವರು ಇಷ್ಟಪಟ್ಟ ಹಾಲಿವುಡ್ ಸ್ಮಶಾನದಲ್ಲಿ ಕಪ್ಪು ಜನ ಅಂತ ಜಾಗ ಕೊಟ್ಟಿರಲಿಲ್ಲ.

ಪ್ರಿಸ್ಸಿ ಅನ್ನೋ ಹುಡುಗಿಯ ಪಾತ್ರ ಮಾತ್ರ ನನಗೆ ನೋಡೋಕೆ ಕಷ್ಟವಾಯಿತು. ಅವಳು ದಡ್ಡಿ, ಸುಳ್ಳಿ, ಹೆದರುಪುಕ್ಕಲಿ ಅಂತ ತೋರಿಸಿ ನಗಿಸುತ್ತಾರೆ, ಸ್ಕಾರ್ಲೆಟ್ ಕಪಾಳಕ್ಕೆ ಹೊಡೆಯುತ್ತಾಳೆ. ಆ ಪಾತ್ರ ಮಾಡಿದ ಬಟರ್‌ಫ್ಲೈ ಮೆಕ್ವೀನ್ 1975ರಲ್ಲಿ, ಅರವತ್ತು ದಾಟಿದ ಮೇಲೆ, ರಾಜ್ಯಶಾಸ್ತ್ರದಲ್ಲಿ ಪದವಿ ತೆಗೆದುಕೊಂಡರು. ಅದನ್ನು ಓದಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ಕುಡಿದ ರೆಟ್ ಆಗ ತನ್ನ ಹೆಂಡತಿಯಾಗಿರುವ ಸ್ಕಾರ್ಲೆಟ್‌ಳನ್ನು ಬಲವಂತದಿಂದ ಎತ್ತಿಕೊಂಡು ಮೆಟ್ಟಿಲು ಹತ್ತುವ ದೃಶ್ಯವೂ ಹಾಗೇ. ಮರುದಿನ ಬೆಳಿಗ್ಗೆ ಅವಳು ನಗುತ್ತಾ ಏಳುತ್ತಾಳೆ. ಮಗಳು ಎದ್ದು ಹೊರಗೆ ಹೋದಳು. ನಾನು ಅವಳನ್ನು ತಡೆಯಲಿಲ್ಲ.

2020ರ ಜೂನ್‌ನಲ್ಲಿ ಅಮೆರಿಕದ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಮನುಷ್ಯನ ಕೊಲೆ ಆದ ನಂತರ ಎಚ್‌ಬಿಒ ಮ್ಯಾಕ್ಸ್ ಅನ್ನೋ ಆನ್‌ಲೈನ್ ಸಿನಿಮಾ ಸೇವೆ ಈ ಸಿನಿಮಾವನ್ನು ಕೆಲವು ದಿನ ತೆಗೆದಿತ್ತು. ಮತ್ತೆ ಹಾಕುವಾಗ ಮೊದಲಿಗೆ ಪ್ರೊಫೆಸರ್ ಜಾಕ್ವೆಲಿನ್ ಸ್ಟೀವರ್ಟ್ ಅವರ ಮಾತು ಸೇರಿಸಿತು. ಸಿನಿಮಾ ಏನನ್ನು ತೋರಿಸುತ್ತದೆ, ಏನನ್ನು ಮುಚ್ಚುತ್ತದೆ ಅಂತ ನಾಲ್ಕೈದು ನಿಮಿಷದಲ್ಲಿ ಹೇಳುತ್ತಾರೆ. ಹಾಗೇ ಇರಬೇಕು. ಕತ್ತರಿಸಿದರೆ ಹ್ಯಾಟಿಯ ಕೈಯೂ ಹೋಗುತ್ತದೆ. ನನ್ನ ಡಿಸ್ಕು ಅದಕ್ಕಿಂತ ಹಳೆಯದು, ಆ ಮಾತು ಇದರಲ್ಲಿಲ್ಲ. ಡಿಸ್ಕಿಗೆ ಒಂದು ನಕ್ಷತ್ರ ಕಡಿಮೆ ಕೊಡುತ್ತಿರುವುದು ಅದಕ್ಕೇ. ಐದರಲ್ಲಿ ನಾಲ್ಕು. ಸಿನಿಮಾಕ್ಕೆ ಬೇರೆ ನಕ್ಷತ್ರ ಕೊಡೋಕೆ ನನ್ನಿಂದ ಆಗುವುದಿಲ್ಲ.

ಮಕ್ಕಳ ಜೊತೆ ನೋಡುವವರು ಪಕ್ಕದಲ್ಲಿ ಕೂತು ನೋಡಿ, ಅಡುಗೆ ಮನೆಗೆ ಎದ್ದು ಹೋಗಬೇಡಿ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿ. ಬ್ಲೂ-ರೇ ಪ್ಲೇಯರ್ ಇಲ್ಲದಿದ್ದರೆ ಇದನ್ನು ಕೊಳ್ಳಬೇಡಿ, ಮಾಮೂಲಿ ಡಿವಿಡಿ ಪ್ಲೇಯರಿನಲ್ಲಿ ಓಡುವುದಿಲ್ಲ.

ಮದುವೆ ಹುಡುಗಿಯ ಗೌನು ಹನ್ನೊಂದು ದಿನದಲ್ಲಿ ಮುಗಿಯಿತು. ಹಗ್ಗಕ್ಕೆ ಗೊಂಡೆ ಕಟ್ಟಿದ್ದು ನನ್ನ ಜೊತೆಯ ಹುಡುಗಿ. ಟ್ರಯಲ್‌ಗೆ ಬಂದಾಗ ಪರದೆಯ ಕಥೆ ಹೇಳಿದೆ. ಕನ್ನಡಿ ಎದುರು ನಿಂತು ತಿರುಗಿ ತಿರುಗಿ ನೋಡಿಕೊಂಡಳು. "ಸಿನಿಮಾದಾಗ ಇದನ್ನ ಹೊಲಿದಾಕಿ ಯಾರ್ರಿ ಅಕ್ಕಾರ?" ಅಂತ ಕೇಳಿದಳು. ತೋರಿಸಿಲ್ಲವ್ವಾ ಅಂದೆ. ಆಮೇಲೆ ಫೋನು ತೆಗೆದು, ಕಾರ್ಸೆಟ್ ದಾರ ಎಳೆಯುತ್ತಿರುವ ಹ್ಯಾಟಿ ಮೆಕ್‌ಡೇನಿಯಲ್ ಅವರ ಫೋಟೋ ಅವಳಿಗೆ ಕಳಿಸಿದೆ.